ಅಪ್‌ಡೇಟ್: ಡಯಾಲಿಸಿಸ್‌ನಲ್ಲಿರುವ ಅಣ್ಣನಿಗೆ ತೂಕ ಇಳಿಸುವ ಆಪರೇಷನ್ ಆಯಿತು

ಅಣ್ಣನ ಬಿಎಂಐ (ಎತ್ತರಕ್ಕೆ ಹೋಲಿಸಿ ತೂಕ ನೋಡುವ ಲೆಕ್ಕ) 41, ತೂಕ ಇಳಿಯದೆ ಕಿಡ್ನಿ ಕಸಿ ಆಗಲ್ಲ ಅಂದಿದ್ದಾರೆ, ಏನು ಮಾಡೋದು ಅಂತ ಕೇಳಿದ್ದೆ ಅಲ್ವಾ? ಸ್ಲೀವ್ ಆಪರೇಷನ್ (ಜಠರದ ಹೆಚ್ಚಿನ ಭಾಗ ತೆಗೆದು ಸಣ್ಣ ಕೊಳವೆಯಂತೆ ಮಾಡುವುದು) ಆಗಿ 9 ದಿನ ಆಯಿತು. ಮನೆಗೆ ಬಂದಿದ್ದಾನೆ.

ತೂಕ ಇಳಿಸುವ ಇಂಜೆಕ್ಷನ್ ಅವನಿಗೆ ಆಗಿಬರಲಿಲ್ಲ, ವಾಂತಿ ಜಾಸ್ತಿಯಾಗಿ ನಿಲ್ಲಿಸಿದೆವು. ‘ಬೈಪಾಸ್ (ಜಠರ ಚಿಕ್ಕದು ಮಾಡಿ, ಕರುಳಿನ ಸ್ವಲ್ಪ ಭಾಗ ಬಿಟ್ಟು ಮುಂದಕ್ಕೆ ಜೋಡಿಸುವ ಆಪರೇಷನ್) ಬದಲು ಸ್ಲೀವ್ ಬಗ್ಗೆ ಕೇಳಿ’ ಅಂದವರ ಮಾತೇ ಕೈಹಿಡಿಯಿತು. ತುಂಬಾ ಥ್ಯಾಂಕ್ಸ್. ಬೈಪಾಸ್ ಆದರೆ ಕರುಳು ಆಕ್ಸಲೇಟ್ (ಊಟದಲ್ಲಿರುವ, ಕಿಡ್ನಿಯಲ್ಲಿ ಕಲ್ಲು ಕಟ್ಟಿಸಬಲ್ಲ ವಸ್ತು) ಜಾಸ್ತಿ ಹೀರುತ್ತದೆ, ಅದು ಮುಂದೆ ಹೊಸ ಕಿಡ್ನಿಗೂ ತೊಂದರೆ ಕೊಡಬಹುದು. ಹೊಸ ಕಿಡ್ನಿಯನ್ನು ದೇಹ ತಿರಸ್ಕರಿಸದಿರಲು ಕೊಡುವ ಟ್ಯಾಕ್ರೋಲಿಮಸ್‌ನಂಥ ಮಾತ್ರೆ ಮೈಗೆ ಹತ್ತುವುದೂ ಏರುಪೇರಾಗಬಹುದಂತೆ.

ನನಗೆ ಗೊತ್ತೇ ಇಲ್ಲದಿದ್ದದ್ದು ಡ್ರೈ ವೇಟ್ ವಿಷಯ, ಅಂದರೆ ಡಯಾಲಿಸಿಸ್‌ನಲ್ಲಿ ಹೆಚ್ಚಿನ ನೀರು ತೆಗೆದ ಮೇಲೆ ಇರಬೇಕಾದ ತೂಕ. ಮೈ ಇಳಿಯುತ್ತಿರುವಾಗ ಹಳೆಯ ಲೆಕ್ಕವನ್ನೇ ಇಟ್ಟುಕೊಂಡರೆ, ತೆಗೆಯಬೇಕಾದ ನೀರು ಒಳಗೇ ಉಳಿದುಬಿಡುತ್ತದೆ. ಆಗಾಗ ಬದಲಿಸಬೇಕು. ನೀವೂ ಡಯಾಲಿಸಿಸ್ ನರ್ಸ್ ಹತ್ತಿರ ತಪ್ಪದೆ ಕೇಳಿ. ಕಸಿ ಪಟ್ಟಿಯ ಮಾತು ತೂಕ ಇಳಿದ ಮೇಲೆ.