ಗೆಟ್ಟಿಸ್‌ಬರ್ಗ್ ರಣರಂಗ: ನಡೆಯೋದಾ, ಕಾರಲ್ಲೇ ಸುತ್ತೋದಾ?

ಪ್ರಶ್ನೆ: ಜುಲೈನಲ್ಲಿ ಅಪ್ಪ ಅಮ್ಮನನ್ನು ಪೆನ್ಸಿಲ್ವೇನಿಯಾದ ಗೆಟ್ಟಿಸ್‌ಬರ್ಗ್‌ಗೆ ಕರ್ಕೊಂಡು ಹೋಗ್ತಿದ್ದೇನೆ, ಅಮೆರಿಕದ ಅಂತರ್ಯುದ್ಧದ ರಣರಂಗ ನೋಡೋಕೆ. ಅಪ್ಪನಿಗೆ ಇತಿಹಾಸದ ಹುಚ್ಚು, ಅಮ್ಮನಿಗೆ ಮಂಡಿ ನೋವು. ಇರೋದು ಒಂದೇ ದಿನ. ಟ್ರೇಲ್‌ನಲ್ಲಿ ನಡೆಯಬಹುದಾ, ಕಾರೇ ಸಾಕಾ? ಹೋದವರು ಹೇಳಿ.

ಸವೆದ ಶೂ: ಕಾರಲ್ಲೇ ಕೂರೋದಾದರೆ ಹೋಗೋದೇ ಬೇಡ. ನಾನು ವರ್ಜೀನಿಯಾ ಸ್ಮಾರಕದಿಂದ ಆ್ಯಂಗಲ್ ಅನ್ನೋ ಕಲ್ಲುಗೋಡೆಯ ಮೂಲೆವರೆಗೆ ನಡೆದೆ, ಹೆಚ್ಚು ಕಡಿಮೆ ಒಂದು ಮೈಲಿ. ಯುದ್ಧದ ಕೊನೇ ದಿನ, ಪಿಕೆಟ್ಸ್ ಚಾರ್ಜ್ ಅನ್ನೋ ದಾಳಿಯಲ್ಲಿ ದಕ್ಷಿಣದ ಸೈನ್ಯದ ಸುಮಾರು 12,500 ಜನ ನುಗ್ಗಿದ ಬಯಲು ಅದು. ದೂರದಿಂದ ಅಂಗೈ ಹಾಗೆ ಸಪಾಟು. ಇಳಿದರೆ ಬರೀ ಏರು ತಗ್ಗು. ಒಂದು ತಗ್ಗಿನಲ್ಲಂತೂ ಎದುರಿನ ಮರಗಳೇ ಮಾಯ. ಮೇಲೆ ಬಂದರೆ ಎಮಿಟ್ಸ್‌ಬರ್ಗ್ ರಸ್ತೆಯ ಬೇಲಿ, ಅದರಾಚೆ ಮತ್ತೆ ಏರು. ಕೊನೆಗೆ ಸಿಗೋದು ಒಂದು ಮೋಟು ಕಲ್ಲುಗೋಡೆ. ಇದಕ್ಕಾ ಅಷ್ಟು ಜನ ಸತ್ತಿದ್ದು ಅನಿಸಿತು. ಆಮೇಲೆ ನೆನಪಾಯಿತು, ಕಾರು ಆ ಕಡೆಯೇ ಇದೆ! ಅದೇ ಬಿಸಿಲಲ್ಲಿ ವಾಪಸ್. 140 ಡಾಲರಿನ ಹೊಸ ಶೂ, ಎರಡೂ ಹಿಮ್ಮಡಿಯಲ್ಲಿ ಬೊಬ್ಬೆ, ಒಂದು ಉಗುರು ಹೋಯಿತು. ಆದರೂ ಇನ್ನೊಂದು ಸಲ ನಡೀತೀನಿ.

ಉಣ್ಣಿ ಕಚ್ಚಿದವಳು: ಪಾರ್ಕಿಗೆ ಪ್ರವೇಶ ಉಚಿತ ಅಂತ ಹಿಗ್ಗಿದ್ದೆ. ಡೆವಿಲ್ಸ್ ಡೆನ್‌ನಲ್ಲಿ ಮಗ ಬಂಡೆಯಿಂದ ಬಂಡೆಗೆ ಹಾರುತ್ತಿದ್ದ, ನಾನು ಅವನ ಹಿಂದೆ ಹುಲ್ಲಿನಲ್ಲಿ. ರಾತ್ರಿ ಹೋಟೆಲಿನಲ್ಲಿ ನೋಡಿದರೆ ಮಂಡಿಯ ಹಿಂದೆ ಎಳ್ಳುಕಾಳಿನಷ್ಟು ಕಪ್ಪು ಚುಕ್ಕೆ. ಉಜ್ಜಿದೆ, ಹೋಗಲಿಲ್ಲ. ಕಾಲು ಆಡಿಸಿತು! ಡಾಕ್ಟರಿಗೆ 75, ಮಾತ್ರೆಗೆ 11, ಚಿಮಟಕ್ಕೆ 6, ಇನ್ನೊಂದು ರಾತ್ರಿಯ ರೂಮಿಗೆ 189. ಉಣ್ಣಿಯಿಂದ ಹರಡೋ ಲೈಮ್ ಕಾಯಿಲೆ ಬರಲಿಲ್ಲ, ಸರಿ. ಆದರೆ ಒಂದು ತಿಂಗಳು ದಿನಾ ಬೆಳಗ್ಗೆ ಕಾಲು ನೋಡಿಕೊಳ್ಳೋದೇ ಕೆಲಸ ಆಯಿತು.

ಮುಂದಿನ ಸೀಟು: ಶೂ ಅವರೇ, ಮಂಡಿ ನೋವು ಅಂತ ಬರೆದದ್ದು ಓದಿದ್ರಾ? ನಾವು ಲೈಸೆನ್ಸ್ ಇರೋ ಗೈಡ್ ತಗೊಂಡೆವು. ನಮ್ಮ ಕಾರನ್ನೇ ಅವರು ಓಡಿಸುತ್ತಾರೆ. 1915ರಿಂದ ಇರೋ ಪದ್ಧತಿ, ಪರೀಕ್ಷೆ ಪಾಸಾದವರು. ನಮ್ಮ ಮಾವ ಎರಡು ಗಂಟೆ ಪ್ರಶ್ನೆ ಕೇಳಿಯೇ ಕೇಳಿದರು. ನನಗೆ ಹೊಟ್ಟೆ ಉರಿದದ್ದು ಒಂದೇ ವಿಷಯಕ್ಕೆ. ಬುಕ್ ಮಾಡ್ತೀನಿ ಅಂದ ಭಾವಮೈದುನ ಮರೆತು, ಮೊದಲ ದಿನ ಪೂರ್ತಿ ವ್ಯರ್ಥ. ಇವತ್ತಿಗೂ ಸಾರಿ ಅಂದಿಲ್ಲ.

ಸವೆದ ಶೂ: ಓದಿದ್ದೆ. ಅಪ್ಪನಿಗೆ ಹೇಳಿದ್ದು. ಎಸಿ ಹಾಕಿಕೊಂಡು ಯುದ್ಧ ನೋಡೋರ ಹತ್ತಿರ ಏನು ಮಾತು.

ಮುಂದಿನ ಸೀಟು: ಉಗುರು ಕಳ್ಕೊಂಡವರಿಗೆ ಪದಕ ಕೊಡ್ತಾರಾ?

ಹಳೇ ಆಲ್ಬಂ: ಜಗಳ ಸಾಕು. ನಾವು 1996ರಲ್ಲಿ ಅಮ್ಮನ ಜೊತೆ ಹೋಗಿದ್ದೆವು. ದೊಡ್ಡ ಗೋಪುರ ಇದೆ, ಲಿಫ್ಟಿನಲ್ಲಿ ಮೇಲೆ ಹೋದರೆ ಇಡೀ ರಣರಂಗ ಕಾಣುತ್ತೆ. ಮಂಡಿಗೆ ಅದೇ ಸರಿ.

ಉಣ್ಣಿ ಕಚ್ಚಿದವಳು: ಲಿಫ್ಟ್ ಎಲ್ಲಿದೆ? ಕಲ್ಪ್ಸ್ ಹಿಲ್ ಗೋಪುರಕ್ಕೆ ಬರೀ ಮೆಟ್ಟಿಲು.

ಸವೆದ ಶೂ: ಅವರು ಹೇಳ್ತಿರೋದು ನ್ಯಾಷನಲ್ ಟವರ್. 307 ಅಡಿ. 2000ದ ಜುಲೈ 3ರಂದು, ಯುದ್ಧದ ಕೊನೇ ದಿನದ ತಾರೀಖಿಗೇ, ಉರುಳಿಸಿದರು. ಒಳ್ಳೇದೇ ಆಯಿತು. ಎಲ್ಲಿ ನಿಂತರೂ ಅದೇ ಕಣ್ಣಿಗೆ ಹೊಡೀತಿತ್ತು.

ಹಳೇ ಆಲ್ಬಂ: ಕಣ್ಣಿಗೆ ಹೊಡೀತಿತ್ತಾ? ನಮ್ಮಮ್ಮ ಮೇಲಿಂದ ಕೈ ತೋರಿಸಿ ಎಲ್ಲಾ ಕೇಳಿದ್ದರು. ಕೆಳಗಿಂದ ಅವರಿಗೆ ಹತ್ತು ಹೆಜ್ಜೆ ಆಗುತ್ತಿರಲಿಲ್ಲ. ಕೆಡವಿದ್ದು ನನಗೆ ಗೊತ್ತೇ ಇರಲಿಲ್ಲ.

ಮುಂದಿನ ಸೀಟು: ನೋಡಿ, ಅದಕ್ಕೇ ಕಾರು ಅಂದಿದ್ದು.

ಸವೆದ ಶೂ: 1863ರಲ್ಲಿ ಇಲ್ಲಿ ಹೋರಾಡಿದವರಿಗೆ ಲಿಫ್ಟೂ ಇರಲಿಲ್ಲ, ಕಾರೂ ಇರಲಿಲ್ಲ.

ಉಣ್ಣಿ ಕಚ್ಚಿದವಳು: ಉಣ್ಣಿ ಇತ್ತು. ಉದ್ದ ಸಾಕ್ಸ್ ಹಾಕಿಸಿ.