ಮನೆಯಲ್ಲಿ ಮಾಡಿದ ಗ್ರೆನಡಿನ್ ಕಂದಾಗಿದೆ, ಕಹಿ ಬೇರೆ. ಏನು ಮಾಡಲಿ?

ಕೆಂಪು_ಲೋಟ:
ಎರಡನೇ ಸಲವೂ ಹಾಳಾಯಿತು. ಒಂದೂವರೆ ಕಿಲೋ ದಾಳಿಂಬೆ, ಅರ್ಧ ದಿನದ ಕೆಲಸ. ಕಿತ್ತಳೆ ರಸದ ತಳಕ್ಕೆ ಕೆಂಪಗೆ ಇಳಿಯಬೇಕಾದ ಸಿರಪ್ ಇಟ್ಟಿಗೆ ಬಣ್ಣಕ್ಕೆ ತಿರುಗಿದೆ. ನಾಲಿಗೆಗೆ ಒಗರು, ಕಹಿ. ಭಾನುವಾರ ಗೆಳೆಯರಿಗೆ ಟಕೀಲಾ ಸನ್‌ರೈಸ್ ಕಾಕ್‌ಟೇಲ್ ಮಾಡಿಕೊಡುತ್ತೇನೆ ಅಂತ ಹೇಳಿಬಿಟ್ಟಿದ್ದೇನೆ. ಎಲ್ಲ ಸರಿಯಾಗೇ ಮಾಡಿದೆ. ದಯವಿಟ್ಟು ಯಾರಾದರೂ ಹೇಳಿ.

ಹಳೇ_ಬಾಣಲೆ:
ಕಬ್ಬಿಣದ ಬಾಣಲೆಯಲ್ಲಿ ಕುದಿಸಿದ್ದೀರಿ ಅಲ್ವಾ? ಕಬ್ಬಿಣ ತಾಗಿದರೆ ದಾಳಿಂಬೆ ರಸ ಕಪ್ಪಾಗುತ್ತದೆ.

ಕೊಪ್ಪಳ_ತೋಟ:
ಹಣ್ಣು ಯಾವ ತಳಿ? ಭಗವಾ ಆದರೆ ಕಡುಗೆಂಪು ರಸ. ಗಣೇಶ್ ತಳಿಯ ಕಾಳು ತಿಳಿ ಗುಲಾಬಿ, ಅಷ್ಟು ಬಣ್ಣ ಬರುವುದಿಲ್ಲ.

ಕೆಂಪು_ಲೋಟ:
ಭಗವಾನೇ. ಪಾತ್ರೆ ಸ್ಟೀಲಿನದು.

ಹಳೇ_ಬಾಣಲೆ:
ಸೌಟು? ಜರಡಿ? ಎಲ್ಲೋ ಕಬ್ಬಿಣ ಇರಲೇಬೇಕು. ಸರಿಯಾಗಿ ನೋಡಿ.

ಸೋಡಾ_ಗೋಲಿ:
ಸುಮ್ನೆ ಯಾಕೆ ಕಷ್ಟ? ಬಾಟಲಿ ತನ್ನಿ. ಗ್ರೆನಡಿನ್ ಅಂದರೆ ಚೆರ್ರಿ ಸಿರಪ್ ತಾನೇ?

ಕೊಪ್ಪಳ_ತೋಟ:
ಅಲ್ಲ ಸ್ವಾಮಿ. ಫ್ರೆಂಚಿನಲ್ಲಿ ಗ್ರೆನಾಡ್ ಅಂದರೆ ದಾಳಿಂಬೆ. ಅಗ್ಗದ ಬಾಟಲಿಯ ಹಿಂದೆ ಓದಿ ನೋಡಿ. ಎಷ್ಟೋ ಬಾಟಲಿಗಳಲ್ಲಿ ಸಕ್ಕರೆ, ಸಿಟ್ರಿಕ್ ಆಸಿಡ್, ಬಣ್ಣ ಅಷ್ಟೇ. ಹಣ್ಣು ಬೆಳೆಯುವವರಿಗೆ ಅದು ಬೇಜಾರಿನ ಮಾತು.

ಬ್ರಿಕ್ಸ್_58:
ನಾನು ರಿಫ್ರಾಕ್ಟೋಮೀಟರ್ (ರಸದ ಸಕ್ಕರೆ ಅಳೆಯುವ ಉಪಕರಣ) ತಂದ ಮೇಲೆ ಒಂದು ಬಾಟಲಿಯೂ ಕೆಟ್ಟಿಲ್ಲ. ನಮ್ಮ ದಾಳಿಂಬೆ ರಸ 15 ಬ್ರಿಕ್ಸ್ ಬರುತ್ತದೆ, ಅಂದರೆ ನೂರು ಗ್ರಾಂ ರಸದಲ್ಲಿ ಸುಮಾರು 15 ಗ್ರಾಂ ಸಕ್ಕರೆ. ಅಷ್ಟೇ ತೂಕದ ಸಕ್ಕರೆ ಸೇರಿಸಿದರೆ 57 ದಾಟುತ್ತದೆ. ಕಿತ್ತಳೆ ರಸ 12ರ ಆಸುಪಾಸು. ಸಕ್ಕರೆ ಜಾಸ್ತಿ ಇದ್ದಷ್ಟು ಭಾರ, ಅದಕ್ಕೇ ಸಿರಪ್ ತಳ ಸೇರುತ್ತದೆ. ತೂಕಕ್ಕೆ ಡಿಜಿಟಲ್ ತಕ್ಕಡಿಯೂ ಇದೆ.

ಸೋಡಾ_ಗೋಲಿ:
ಯಾವ ತಕ್ಕಡಿ? ಎಷ್ಟು ಕೊಟ್ಟಿರಿ?

ಮಾವಿನ_ತೋರಣ:
ತಕ್ಕಡಿ ಆಮೇಲೆ. ಕೆಂಪು_ಲೋಟ ಅವರೇ, ರಸ ಹೇಗೆ ತೆಗೆದಿರಿ? ಎಷ್ಟು ಹೊತ್ತು ಕುದಿಸಿದಿರಿ?

ಕೆಂಪು_ಲೋಟ:
ಎಲ್ಲರ ಹಾಗೇ. ಕಾಳನ್ನು ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಿದೆ. ಗಟ್ಟಿಯಾಗಲಿ ಅಂತ 40 ನಿಮಿಷ ಕುದಿಸಿದೆ.

ಮಾವಿನ_ತೋರಣ:
ಕಹಿ ಮಿಕ್ಸಿಯಿಂದ ಬಂದಿದೆ. ಬೀಜ ಪುಡಿಯಾದರೆ ಒಗರು, ಕಹಿ ಎರಡೂ ರಸಕ್ಕೆ ಇಳಿಯುತ್ತವೆ. ಬಣ್ಣ ಕೆಟ್ಟಿದ್ದು ಕುದಿತದಿಂದ. ಜಾಸ್ತಿ ಹೊತ್ತು ಬೆಂದರೆ ದಾಳಿಂಬೆಯ ಕೆಂಪು ಒಡೆದು ಕಂದಾಗುತ್ತದೆ. ಬಿಳಿ ಪೊರೆ ಪೂರ್ತಿ ತೆಗೆಯಿರಿ. ಕಾಳನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಹಿಂಡಿ. ರಸ ಬೆಚ್ಚಗೆ ಮಾಡಿ, ಸಕ್ಕರೆ ಕರಗಿದ ಕೂಡಲೇ ಒಲೆ ಆರಿಸಿ. ಆರಿದ ಮೇಲೆ ಸ್ವಲ್ಪ ನಿಂಬೆ ರಸ. ಹುಳಿ ಇದ್ದರೆ ಕೆಂಪು ಚೆನ್ನಾಗಿ ಉಳಿಯುತ್ತದೆ. ಫ್ರಿಜ್ಜಿನಲ್ಲಿಡಿ.

ಹಳೇ_ಬಾಣಲೆ:
ಆದರೂ ಆ ಜರಡಿ ಒಮ್ಮೆ ನೋಡಿ.

ಬ್ರಿಕ್ಸ್_58:
ತಕ್ಕಡಿಯ ಫೋಟೋ ರಾತ್ರಿ ಹಾಕುತ್ತೇನೆ.

ಕೆಂಪು_ಲೋಟ:
ಜರಡಿ ಪ್ಲಾಸ್ಟಿಕ್. ಇನ್ನೊಂದು ಕಿಲೋ ಹಣ್ಣು ತಂದೆ. ಬಟ್ಟೆ ತೊಳೆದು ಒಣಗಲು ಹಾಕಿದ್ದೇನೆ.