ಅಪ್‌ಡೇಟ್: ಫಾರ್ಮ್ಯಾಟ್ ಆದ ಡ್ರೈವ್‌ನಿಂದ ಫೋಟೊ ವಾಪಸ್ ಬಂತು

ಕಂಪ್ಯೂಟರ್ ಸರ್ವೀಸ್‌ಗೆ ಕೊಟ್ಟಾಗ ಡಿ ಡ್ರೈವನ್ನೂ ಫಾರ್ಮ್ಯಾಟ್ ಮಾಡಿಬಿಟ್ಟಿದ್ದಾರೆ, ತಂಗಿ ಮದುವೆ ಫೋಟೊ ಹೋಯ್ತು ಅಂತ ಕೇಳಿದ್ದೆನಲ್ಲ, ಬಹುಪಾಲು ಸಿಕ್ಕಿತು! ಅಳಿದ ಫೈಲ್ ಹುಡುಕುವ ರೆಕ್ಯುವಾ ಸಾಫ್ಟ್‌ವೇರ್ ಅಷ್ಟಕ್ಕಷ್ಟೇ. ಕಳೆದ ಪಾರ್ಟಿಷನ್ (ಡಿಸ್ಕ್‌ನ ಭಾಗ) ಹುಡುಕುವ ಟೆಸ್ಟ್‌ಡಿಸ್ಕ್‌ನಲ್ಲಿ ಅದು ಕಾಣಿಸಿತೇ ಹೊರತು ಒಳಗೆ ಖಾಲಿ. ಕೆಲಸ ಮಾಡಿದ್ದು ನೀವು ಹೇಳಿದ ಫೋಟೊರೆಕ್ ಅನ್ನೋ ರಿಕವರಿ ಸಾಫ್ಟ್‌ವೇರ್. ರಾತ್ರಿಯಿಡೀ ಓಡಿಸಿ, ಸಿಕ್ಕಿದ್ದನ್ನು ಬೇರೆ ಡಿಸ್ಕ್‌ಗೆ ಹಾಕಿಕೊಂಡೆ.

ಒಂದು ವಿಚಿತ್ರ: ಫೋಟೊರೆಕ್ ಫೈಲ್ ಹೆಸರಿನ ಗೋಜಿಗೇ ಹೋಗಲ್ಲ, ಒಳಗಿನ ಗುರುತು ನೋಡಿ ಹೆಕ್ಕುತ್ತೆ. ಹಾಗಾಗಿ ಎಲ್ಲಕ್ಕೂ ‘ಎಫ್’ ಅಕ್ಷರ, ಆಮೇಲೆ ಉದ್ದುದ್ದ ನಂಬರ್ ಇರೋ ಹೆಸರು; ಧಾರೆ ಫೋಟೊ ಪಕ್ಕದಲ್ಲೇ ಯಾವುದೋ ವೆಬ್‌ಸೈಟ್‌ನ ಪುಟಾಣಿ ಐಕಾನ್! ಫೋಟೊ ಒಳಗೆ ಸೇರಿರುವ ಮಾಹಿತಿ ಓದುವ ಎಕ್ಸಿಫ್‌ಟೂಲ್ ಹಾಕಿ ಕ್ಯಾಮೆರಾ ತಾರೀಖಿನ ಪ್ರಕಾರ ಹೆಸರು ಬದಲಿಸಿದೆ. ವಿಡಿಯೊ ಮಾತ್ರ ಅರ್ಧಂಬರ್ಧ.

ನಮ್ಮದು ತಿರುಗುವ ಹಾರ್ಡ್ ಡಿಸ್ಕ್, ಅದೂ ಕ್ವಿಕ್ ಫಾರ್ಮ್ಯಾಟ್ (ಫೈಲ್ ಪಟ್ಟಿ ಮಾತ್ರ ಅಳಿಯುತ್ತೆ, ಡೇಟಾ ಉಳಿದಿರುತ್ತೆ). ಎಸ್‌ಎಸ್‌ಡಿ (ತಿರುಗದ, ಚಿಪ್ ಡ್ರೈವ್) ಆಗಿದ್ದರೆ, ಅಳಿಸಿದ ಜಾಗವನ್ನು ಡ್ರೈವೇ ಖಾಲಿ ಮಾಡಿಬಿಡುವ ಟ್ರಿಮ್‌ನಿಂದಾಗಿ ಏನೂ ಸಿಗುವುದು ಕಷ್ಟವಿತ್ತು.